ಟಾಕೀಸಿನ ದೇವಮಿತ್ರನ ಭಾಷಣ

ಪ್ರೇಮಲೀಲಾ: ಆಗಲ್ಲ ಅಂದ್ರೆ ಏನ್ರೀ ಅರ್ಥ? ಅಯ್ಯನವರು ಬಾಯಿಬಿಟ್ಟು ಕೇಳಿದಾರೆ. ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ನಿಂತ್ಕೊಳ್ಳೋಕೆ ನಿಮಗೇನು ಕಷ್ಟ?

ದೇವಮಿತ್ರ: ನಿಂತ್ಕೊಳ್ಳೋದು ಕಷ್ಟ ಅಲ್ಲ ಕಣೇ. ಹನ್ನೊಂದು ವರ್ಷದಿಂದ ನಿಂತ್ಕೊಂಡೇ ಇದೀನಿ. ಮಾತಾಡೋದು ಕಷ್ಟ.

ಪ್ರೇಮಲೀಲಾ: ನನ್ನ ಹತ್ರ ಆಡಲ್ವಾ?

ದೇವಮಿತ್ರ: ನಿನ್ನ ಹತ್ರ ನಾನೆಲ್ಲಿ ಆಡ್ತೀನಿ? ಕೇಳಿಸ್ಕೋತೀನಿ.

ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿಯ ಕೊನೆಯ ಶನಿವಾರ, ಬೆಳಗಿನ ಹೊತ್ತು. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಎರಡು ಕೋಣೆಯ ಒಂದು ಮನೆ. ದೇವಮಿತ್ರ ಊರಿನ ಒಂದು ಟಾಕೀಸಿನಲ್ಲಿ ಬಾಗಿಲು ಕಾಯುವವನು. ಟಿಕೆಟ್ ಹರಿದು ಅರ್ಧ ತಾನಿಟ್ಟುಕೊಂಡು ಅರ್ಧ ಹಿಂದಕ್ಕೆ ಕೊಡುವುದು ಅವನ ಉದ್ಯೋಗ. ಹೆಂಡತಿ ಪ್ರೇಮಲೀಲಾ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಭಾನುವಾರ ಕ್ರೈಸ್ತ ದೇವಾಲಯದ ಗಾಯನ ಮಂಡಳಿಯಲ್ಲಿ ಕೊನೆಯ ಸಾಲಿನಲ್ಲಿ ನಿಂತು ಹಾಡುತ್ತಿದ್ದಳು. ಅವಳ ಕಂಠಕ್ಕೆ ಮೊದಲ ಸಾಲೇ ಸಿಗಬೇಕಿತ್ತು. ಆದರೆ ಸಭೆಯ ಹಿರಿಯರಿಗೆ ಟಾಕೀಸೆಂದರೆ ಸೈತಾನನ ಅಂಗಡಿ. ಆ ಅಂಗಡಿಯ ಬಾಗಿಲು ಕಾಯುವವನ ಹೆಂಡತಿಯನ್ನು ಮುಂದೆ ನಿಲ್ಲಿಸುವುದು ಹೇಗೆ? ಬುಧವಾರದ ಪ್ರಾರ್ಥನಾ ಕೂಟವೂ ಅಷ್ಟೆ. ಸರದಿಯ ಪ್ರಕಾರ ಮನೆಮನೆಗೂ ಬರುತ್ತಿದ್ದ ಕೂಟ ಹನ್ನೊಂದು ವರ್ಷದಿಂದ ಇವರ ಮನೆಯ ಹತ್ತಿರಕ್ಕೆ ಬಂದಾಗ ಮಾತ್ರ ಪಕ್ಕದ ಬೀದಿಗೆ ಹಾರಿಬಿಡುತ್ತಿತ್ತು. ಹೀಗಿರುವಾಗ, ಜೂನ್‌ನಲ್ಲಷ್ಟೇ ಈ ಸಭೆಗೆ ವರ್ಗವಾಗಿ ಬಂದಿದ್ದ ಸಭಾಪಾಲಕರು, ಎಲ್ಲರೂ ಅಯ್ಯನವರು ಎಂದು ಕರೆಯುವ ರೆವರೆಂಡ್ ಶಾಂತಕುಮಾರರು, ದೇವಮಿತ್ರನ ಕೈಗೆ ನಾಳಿನ ಭಾಷಣದ ವಿಷಯ ಬರೆದ ಒಂದು ಚೀಟಿ ಕೊಟ್ಟಿದ್ದರು.

ಪ್ರೇಮಲೀಲಾ: ಇನ್ನೊಂದ್ಸಲ ಓದಿ, ಏನು ಬರ್ದಿದಾರೆ?

ದೇವಮಿತ್ರ: 'ಈ ವರ್ಷದ ಚಲನಚಿತ್ರ, ಸಂಗೀತ ಮತ್ತು ಸಂಸ್ಕೃತಿ: ಕ್ರೈಸ್ತ ವಿಶ್ವಾಸದ ಬೆಳಕಿನಲ್ಲಿ.'

ಪ್ರೇಮಲೀಲಾ: ಸಂಸ್ಕೃತಿ ಅಂದ್ರೇನು?

ದೇವಮಿತ್ರ: ಚಿತ್ರ, ಸಂಗೀತ ಎರಡನ್ನೂ ಬಿಟ್ಟು ಉಳಿದದ್ದು ಇರಬೇಕು.

ಪ್ರೇಮಲೀಲಾ: ಉಳಿದದ್ದು ಬಿಡಿ. ಚಿತ್ರದ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಮೂರು ಆಟ!

ದೇವಮಿತ್ರ: ಪ್ರೇಮಾ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ನಾನು ಒಂದು ಚಿತ್ರಾನೂ ನೋಡಿಲ್ಲ.

ಪ್ರೇಮಲೀಲಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

ಪ್ರೇಮಲೀಲಾ: ಹಾಗಾದ್ರೆ ಹನ್ನೊಂದು ವರ್ಷದಿಂದ ಎಲ್ಲಿಗ್ರೀ ಹೋಗ್ತಾ ಇದೀರಿ?

ದೇವಮಿತ್ರ: ಟಾಕೀಸಿಗೇ ಕಣೇ! ಟಿಕೆಟ್ ಹರಿಯೋಷ್ಟರಲ್ಲಿ ಆಟ ಶುರುವಾಗಿರುತ್ತೆ. ತಡವಾಗಿ ಬಂದೋರ್ನ ಒಳಕ್ಕೆ ಬಿಟ್ಟು ಬಾಗಿಲು ಹಾಕ್ತೀನಿ. ಆಮೇಲೆ ಮ್ಯಾನೇಜರು ಸೈಕಲ್ ಸ್ಟ್ಯಾಂಡ್ ನೋಡ್ಕೊ ಹೋಗು ಅಂತಾರೆ. ಕೊನೆ ಹತ್ತು ನಿಮಿಷ ಇರೋವಾಗ ಒಳಗೆ ಬಂದು ಬಾಗಿಲ ಪರದೆ ಹಿಡ್ಕೊಂಡು ನಿಂತ್ಕೋತೀನಿ. ಆ ಕೊನೆ ಹತ್ತು ನಿಮಿಷ ಮಾತ್ರ ನನಗೆ ಗೊತ್ತು.

ಪ್ರೇಮಲೀಲಾ: ಸಂಗೀತ?

ದೇವಮಿತ್ರ: ಗೋಡೆ ಆಚೆಯಿಂದ ಕೇಳುತ್ತೆ. ಮಾತು ತಿಳಿಯಲ್ಲ, ರಾಗ ತಿಳಿಯುತ್ತೆ. ಈ ಕ್ರಿಸ್‌ಮಸ್ಸಿಗೆ ನೀವೆಲ್ಲ ಹೊಸ ಕೀರ್ತನೆ ಹಾಡಿದ್ರಲ್ಲ, ಆ ರಾಗ ಆಗಸ್ಟ್ ತಿಂಗಳಲ್ಲಿ ಗೋಡೆ ಆಚೆಯಿಂದ ಬಂದಿತ್ತು.

ಪ್ರೇಮಲೀಲಾ: ಛೆ, ಸುಮ್ನಿರಿ! ಮಂಡಳಿ ಯಜಮಾನರು ಮೂರು ದಿನ ಉಪವಾಸ ಮಾಡಿ ಪಡ್ಕೊಂಡ ರಾಗ ಅದು.

ದೇವಮಿತ್ರ: ಆ ಸಿನಿಮಾದೋರೂ ಉಪವಾಸ ಮಾಡಿರಬೋದು.

ಮಾತಿನ ನಡುವೆ ದೇವಮಿತ್ರನಿಗೆ ಕೆಮ್ಮು ಬಂತು. ಡಿಸೆಂಬರಿನ ಚಳಿಯಲ್ಲಿ ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ಕೂತು ವಾರದಿಂದ ಗಂಟಲು ಕಟ್ಟಿತ್ತು. ಪ್ರೇಮಲೀಲಾ ಶುಂಠಿ ಕಷಾಯ ತಂದು ಮುಂದಿಟ್ಟು, ಅದರ ಪಕ್ಕಕ್ಕೆ ಒಂದು ನೋಟುಬುಕ್ಕನ್ನೂ ಪೆನ್ಸಿಲನ್ನೂ ಇಟ್ಟಳು.

ಪ್ರೇಮಲೀಲಾ: ಕೊನೆ ಗೊತ್ತಲ್ಲ, ಕೊನೇನೇ ಬರೀರಿ. ಪ್ರತಿ ಚಿತ್ರದ ಹೆಸರು ಹಾಕಿ, ಕೊನೇಲಿ ಏನಾಯ್ತು ಅಂತ ಬರೀರಿ. ಎದ್ದು ಓದಿ ಕೂತ್ಕೊಳ್ಳಿ. ನಿಮ್ಮನ್ನ ಯಾರೂ ಪ್ರಶ್ನೆ ಕೇಳಲ್ಲ. ಈಗಾಗ್ಲೇ ಎಷ್ಟು ಮರ್ಯಾದೆ ಶುರುವಾಗಿದೆ ನೋಡಿದ್ರಾ?

ದೇವಮಿತ್ರ: ಎಲ್ಲಿ?

ಪ್ರೇಮಲೀಲಾ: ಮೇಜಿನ ಮೇಲೆ!

ಮೇಜಿನ ಮೇಲೆ ಐದು ತಟ್ಟೆಗಳಿದ್ದವು. ಕರ್ಜಿಕಾಯಿ, ಚಕ್ಕುಲಿ, ಕೇಕು, ಮತ್ತೆ ಕೇಕು, ರವೆ ಉಂಡೆ. ಭಾಷಣದ ಸುದ್ದಿ ಗುರುವಾರ ಹೊರಬಿದ್ದಿತ್ತು. ಶುಕ್ರವಾರದಿಂದ ತಟ್ಟೆಗಳು ಬರಲು ಶುರುವಾಗಿದ್ದವು.

ಪ್ರೇಮಲೀಲಾ: ಹನ್ನೊಂದು ಕ್ರಿಸ್‌ಮಸ್ಸಿನಲ್ಲಿ ಒಂದು ಚೂರು ಕೇಕು ಕಳಿಸದೇ ಇದ್ದೋರು. ಈಗ ಬಾಗಿಲಿಗೇ ಬಂದು, 'ನಮ್ಮನ್ನ ಮನಸ್ಸಲ್ಲಿಟ್ಕೊಳ್ಳಿ ಅಂತ ಯಜಮಾನ್ರಿಗೆ ಹೇಳಮ್ಮ' ಅಂತಾರೆ.

ದೇವಮಿತ್ರ: ಮನಸ್ಸಲ್ಲಿಟ್ಕೊಳ್ಳಿ ಅಂದ್ರಾ? ಪ್ರಾರ್ಥನೇಲಿ ಇರಬೇಕು.

ಪ್ರೇಮಲೀಲಾ: ಮತ್ತಿನ್ನೇನು? ಒಬ್ರಂತೂ, 'ಮನಸ್ಸಲ್ಲೇ ಇಟ್ಕೊಳ್ಳಿ' ಅಂತ ಒತ್ತಿ ಹೇಳಿದ್ರು.

ಮಧ್ಯಾಹ್ನದ ಹೊತ್ತಿಗೆ ದೇವಮಿತ್ರ ಚಿತ್ರಗಳನ್ನೆಲ್ಲ ನೆನಪಿಸಿಕೊಂಡು ಬರೆದು ಮುಗಿಸುತ್ತಾ ಬಂದಿದ್ದ. ಆಗ ಬಾಗಿಲು ತಟ್ಟಿದ ಶಬ್ದವಾಯಿತು. ಬಂದವರು ಜ್ಞಾನಶೀಲ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ತರು, ಸಭೆಯ ಕಾರ್ಯದರ್ಶಿಗಳು, ಅಕ್ಟೋಬರಿನಲ್ಲಿ 'ಸಿನಿಮಾ ಎಂಬ ಪಾಪಕೂಪ' ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದವರು. ಬಿಸಿಲು ಏರಿದ್ದರೂ ಮೂಗಿನವರೆಗೆ ಮಫ್ಲರ್ ಸುತ್ತಿದ್ದರು. ಕೈಯಲ್ಲಿ ಆರನೆಯ ತಟ್ಟೆ. ಪ್ರೇಮಲೀಲಾ ಸಂಭ್ರಮದಿಂದ ತಟ್ಟೆ ತೆಗೆದುಕೊಂಡು ಕಾಫಿ ಮಾಡಲು ಒಳಗೆ ಹೋದಳು.

ಮೇಷ್ಟ್ರು: ಭಾಷಣ ತಯಾರಾಯ್ತೇನಪ್ಪಾ?

ದೇವಮಿತ್ರ: ಆಯ್ತಾ ಬಂತು ಮೇಷ್ಟ್ರೇ. ಮೂವತ್ತೊಂದು ಬರ್ದಿದೀನಿ.

ಮೇಷ್ಟ್ರು: ಮೂವತ್ತೊಂದಾ!

ದೇವಮಿತ್ರ: ಈ ವರ್ಷ ನಮ್ಮ ಟಾಕೀಸಿಗೆ ಬಂದಿದ್ದು ಅಷ್ಟೇ. ಹೋದ ವರ್ಷ ಇನ್ನೂ ಜಾಸ್ತಿ ಇತ್ತು.

ಮೇಷ್ಟ್ರು: ನಮ್ಮ ಸಭೇಲಿ ಇರೋದೇ ನಲವತ್ತು ಮನೆ ಕಣಯ್ಯಾ!

ದೇವಮಿತ್ರ: ಸಭೆ ಚಿಕ್ಕದಾದ್ರೇನು ಮೇಷ್ಟ್ರೇ, ಎಲ್ಲಾರಿಗೂ ತಿಳೀಲಿ.

ಮೇಷ್ಟ್ರು: ಅಂದ್ರೆ... ಹೆಸರು ಹೇಳ್ತೀಯಾ?

ದೇವಮಿತ್ರ: ಹೆಸರು ಹೇಳ್ದೆ ಎಂಗೆ ಗೊತ್ತಾಗುತ್ತೆ? ಹೆಸರು, ಬಂದ ತಾರೀಖು, ಎಷ್ಟು ವಾರ ಅನ್ನೋದು.

ಮೇಷ್ಟ್ರು: ವಾರಗಳೂ ನೆನಪಿದಾವಾ ನಿನಗೆ?

ದೇವಮಿತ್ರ: ಮರೆಯೋಕಾಗುತ್ತಾ? ಒಂದೊಂದು ಒಂದೇ ವಾರಕ್ಕೆ ಮುಖ ಮರೆಸ್ಕೊಂಡು ಹೋಯ್ತು. ಒಂದೊಂದು ಆರಾರು ವಾರ ಜಗ್ಗಲೇ ಇಲ್ಲ.

ಮೇಷ್ಟ್ರು: ಹಿರಿಯರನ್ನ 'ಒಂದೊಂದು' ಅಂತ ಕರೀತಾರೇನಯ್ಯಾ? ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?

ಈ ಮಾತು ಎತ್ತಲಿಂದ ಬಂತೆಂದು ದೇವಮಿತ್ರನಿಗೆ ತಿಳಿಯಲಿಲ್ಲ. ಹಳೆಯ ಚಿತ್ರಗಳ ವಿಷಯ ಹೇಳುತ್ತಿದ್ದಾರೆ ಎಂದುಕೊಂಡ.

ದೇವಮಿತ್ರ: ವಯಸ್ಸಾದದ್ದೂ ಒಂದಿತ್ತು ಮೇಷ್ಟ್ರೇ. ಭಾಳ ಹಳೇದು. ಮುಖದ ಮೇಲೆಲ್ಲ ಗೆರೆ, ಗಂಟಲೂ ಬಿದ್ದೋಗಿತ್ತು. ಆದ್ರೂ ನಾಚಿಕೆ ಇಲ್ದೆ ಎರಡನೇ ಸಲ ಬಂತು.

ಮೇಷ್ಟ್ರು ಮೆಲ್ಲನೆ ಹಣೆಯ ಗೆರೆಗಳನ್ನು ಮುಟ್ಟಿ ನೋಡಿಕೊಂಡರು.

ಮೇಷ್ಟ್ರು: ಕೊನೇಲಿ ಏನು ಹೇಳ್ತೀಯಾ?

ದೇವಮಿತ್ರ: ಇದ್ದದ್ದು ಇದ್ದಂಗೇ ಹೇಳೋದು. ಕೊನೇಲಿ ಎಲ್ಲಾ ಅಳೋದೇ ತಾನೇ?

ಮೇಷ್ಟ್ರು: ಅಯ್ಯೋ, ಅಳೋದನ್ನೂ ನೋಡಿದೀಯಾ?

ದೇವಮಿತ್ರ: ನಾನು ನೋಡೋದೇ ಅದೊಂದನ್ನ ಮೇಷ್ಟ್ರೇ.

ಮೇಷ್ಟ್ರು ಮಫ್ಲರನ್ನು ಪೂರ್ತಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಮೇಷ್ಟ್ರು: ಎರಡೇ ಸಲ ಕಣಪ್ಪಾ! ದೇವರಾಣೆಗೂ ಎರಡೇ ಸಲ. ಮೊದಲನೇ ಸಲ ಪಾಪಕೂಪದ ಬಗ್ಗೆ ಮಾತಾಡೋಕೆ ಮುಂಚೆ ಕೂಪ ಎಂಗಿದೆ ಅಂತ ನೋಡೋಕೆ ಬಂದೆ. ಎರಡನೇ ಸಲ... ಎರಡನೇ ಸಲ ಯಾಕೆ ಬಂದೆ ಅಂತ ಕೇಳಬೇಡ. ಹೆಸರು ಮಾತ್ರ ಹೇಳಬೇಡ ಮಾರಾಯಾ.

ಒಳಗೆ ಅಡುಗೆಮನೆಯಲ್ಲಿ ತಟ್ಟೆಯೊಂದು ಬಿದ್ದು ಗಿರ್ರನೆ ಸುತ್ತಿ ನಿಂತಿತು. ಪ್ರೇಮಲೀಲಾ ಕಾಫಿ ಹಿಡಿದು ಹೊರಗೆ ಬಂದಳು. ಧ್ವನಿ ಜೇನಿನ ಹಾಗಿತ್ತು.

ಪ್ರೇಮಲೀಲಾ: ಕಾಫಿ ತಗೊಳ್ಳಿ ಮೇಷ್ಟ್ರೇ. ಇಂಟರ್‌ವಲ್ ಬಂತು.

ಮೇಷ್ಟ್ರು ಕಾಫಿ ಮುಟ್ಟಲಿಲ್ಲ. ಮಫ್ಲರನ್ನು ಮತ್ತೆ ಮೂಗಿನವರೆಗೆ ಸುತ್ತಿಕೊಂಡು ಬೀದಿಗಿಳಿದರು.

ಪ್ರೇಮಲೀಲಾ: ಈಗ ತಿಳೀತು! ಇದು ಮರ್ಯಾದೆ ಕೇಕಲ್ಲ, ಬಾಯಿಗೆ ಹಾಕೋ ಬೀಗ. ಆರು ತಟ್ಟೆ, ಆರು ಬೀಗ. ಇದ್ದೋರೆಲ್ಲ ಟಾಕೀಸಿಗೆ ಬರ್ತಾರೆ ಅನ್ನಿ!

ದೇವಮಿತ್ರ: ನಾನೇನೂ ಅನ್ನಲಿಲ್ಲ.

ಪ್ರೇಮಲೀಲಾ: ಮಂಡಳಿ ಯಜಮಾನರು?

ದೇವಮಿತ್ರ ಕಷಾಯ ಕುಡಿದ.

ಪ್ರೇಮಲೀಲಾ: ಸಂಡೇ ಸ್ಕೂಲಿನ ಕರುಣಮ್ಮ? ನನ್ನನ್ನ ಕಂಡ್ರೆ ಸೆರಗು ಸರಿಮಾಡ್ಕೊಂಡು ದೂರ ಹೋಗೋಳು?

ದೇವಮಿತ್ರ ಮತ್ತೆ ಲೋಟ ಎತ್ತಿದ.

ಪ್ರೇಮಲೀಲಾ: ಲೋಟದಲ್ಲಿ ಕಷಾಯ ಮುಗಿದು ಆಗ್ಲೇ ಎಷ್ಟೊತ್ತಾಯ್ತು! ಏನು ಕುಡೀತಾ ಇದೀರಿ? ರೀ, ಇವತ್ತು ಬರ್ಕೊಳ್ಳಿ: ಮೂವತ್ತೆರಡನೇದು ಜ್ಞಾನಶೀಲ ಮೇಷ್ಟ್ರು. ಮೂವತ್ತಮೂರು ಕರುಣಮ್ಮ. ನಾಳೆ ಪೀಠದ ಮುಂದೆ ನಿಂತು ಎಲ್ಲಾರ ಹೆಸರನ್ನೂ ಹೇಳಿಬಿಡಿ. ಹನ್ನೊಂದು ವರ್ಷ ನಮ್ಮ ಮನೆ ಬಾಗಿಲು ದಾಟದೇ ಇದ್ದೋರು ನಿಮ್ಮ ಟಾಕೀಸಿನ ಬಾಗಿಲು ದಾಟಿದ್ರು ಅಂತ ಗೊತ್ತಾಗ್ಲಿ.

ದೇವಮಿತ್ರ: ಆಗಲ್ಲ ಕಣೇ.

ಪ್ರೇಮಲೀಲಾ: ಹೆದರಿಕೆಯಾ?

ದೇವಮಿತ್ರ: ಕತ್ತಲಲ್ಲಿ ಕೂತ್ಕೊಳ್ಳೋಕೆ ನನ್ನನ್ನ ನಂಬ್ಕೊಂಡು ಒಳಗೆ ಬಂದೋರು. ಬೆಳಕಲ್ಲಿ ಎಳೆದು ನಿಲ್ಸೋದು ಎಂಗೆ?

ಪ್ರೇಮಲೀಲಾ: ನನ್ನನ್ನ ಹಿಂದಿನ ಸಾಲಲ್ಲಿ ನಿಲ್ಸಿದ್ದು?

ದೇವಮಿತ್ರ ಕೆಮ್ಮಿದ. ನೋಟುಬುಕ್ಕನ್ನು ಮುಚ್ಚಿದ.

ದೇವಮಿತ್ರ: ಸೆಪ್ಟೆಂಬರಿನಲ್ಲಿ ಒಂದು ಚಿತ್ರ ಬಂದಿತ್ತು. ಯುದ್ಧಕ್ಕೆ ಹೋಗಿ ಸತ್ತ ಅಂದ್ಕೊಂಡಿದ್ದ ಮಗ ಕೊನೇಲಿ ಮನೆಗೆ ಬರ್ತಾನೆ. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು ನೋಡ್ತಾನೆ. ಅಷ್ಟೇ. ಎಲ್ಲಾರೂ ಎದ್ದು ಹೋದ ಮೇಲೂ ಒಬ್ರು ಕೂತೇ ಇರ್ತಿದ್ರು. ಕಸ ಗುಡಿಸೋ ಮಾದೇವಮ್ಮಂಗೆ ಆ ಸಾಲು ಕೊನೇಲಿ ಗುಡಿಸು ಅಂತ ಹೇಳಿದ್ದೆ.

ಮೇಷ್ಟ್ರ ಒಬ್ಬನೇ ಮಗ ಬರ್ಮಾ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಪ್ರೇಮಲೀಲಾ ಮೇಷ್ಟ್ರು ಬಿಟ್ಟುಹೋದ ಕಾಫಿಯನ್ನು ಎತ್ತಿಕೊಂಡು, ತಣ್ಣಗಾಗಿದ್ದರೂ ತಾನೇ ಕುಡಿದಳು.

ಪ್ರೇಮಲೀಲಾ: ಕರುಣಮ್ಮನ ಮಗ ಮನೇಲೇ ಇದಾನೆ. ಅವಳ ಹೆಸರಾದ್ರೂ ಹೇಳಬೋದು.

ದೇವಮಿತ್ರ: ಪ್ರೇಮಾ!

ಪ್ರೇಮಲೀಲಾ: ಆಯ್ತು ಬಿಡಿ.

ಮರುದಿನ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ರಿಸ್‌ಮಸ್ ಕಳೆದ ಭಾನುವಾರ ಸಾಧಾರಣವಾಗಿ ಅರ್ಧ ಬೆಂಚುಗಳು ಖಾಲಿ ಇರುತ್ತಿದ್ದವು. ಈ ಸಲ ಜ್ವರದವರೂ ಬಂದಿದ್ದರು. ಬರದಿದ್ದರೆ ಅನುಮಾನಕ್ಕೆ ಎಡೆಯಾಗುತ್ತದೆಂಬ ಭಯ. ಆರಾಧನೆ ಮುಗಿಯಿತು. ಅಯ್ಯನವರು ಕರೆದರು. ದೇವಮಿತ್ರ ಎದ್ದು ಮುಂದೆ ಬಂದು, ಕೋಟಿನ ಜೇಬಿನಿಂದ ನೋಟುಬುಕ್ಕು ತೆಗೆದ. ಸಭೆಯೆಲ್ಲ ಒಂದೇ ಸಲ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಅವನು ಒಂದು ಹಾಳೆ ತಿರುಗಿಸಿದ, ಇನ್ನೊಂದು ತಿರುಗಿಸಿದ, ಮತ್ತೆ ಜೇಬಿಗೆ ಹಾಕಿಕೊಂಡ.

ದೇವಮಿತ್ರ: ಅಯ್ಯನವರೇ, ಸಭೆಯವರೇ, ನಾನು ಈ ವರ್ಷ ಒಂದು ಚಿತ್ರಾನೂ ಪೂರ್ತಿ ನೋಡ್ಲಿಲ್ಲ. ಅದ್ರಿಂದ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಹೇಳಲಾರೆ. ನಾನು ನೋಡಿದ್ದು ಒಳಗೆ ಹೋಗೋರ್ನ, ಹೊರಗೆ ಬರೋರ್ನ.

ಮೂರನೆಯ ಬೆಂಚಿನಲ್ಲಿ ಕರುಣಮ್ಮ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದಳು.

ದೇವಮಿತ್ರ: ಮಳೆಗಾಲದಲ್ಲಿ ಹಿನಕಲ್ ಹಳ್ಳಿಯಿಂದ ಗಂಡ ಹೆಂಡ್ತಿ ಬಂದಿದ್ರು. ಅವನು ಹತ್ತು ಮಾರು ಮುಂದೆ. ಅವಳು ಮಗು ಎತ್ಕೊಂಡು ಹಿಂದೆ. 'ಬಿರ್ರನೆ ಬಾರೇ' ಅಂತ ಬಯ್ಕೊಂಡು ಒಳಗೆ ಹೋದ. ಹೊರಗೆ ಬರೋವಾಗ ಮಗು ಅವನ ಹೆಗಲ ಮೇಲೆ ನಿದ್ದೆ ಮಾಡ್ತಿತ್ತು, ಅವಳು ಕೈಬೀಸ್ಕೊಂಡು ಪಕ್ಕದಲ್ಲಿ ನಡೀತಿದ್ಲು. ಒಳಗೆ ಏನಾಯ್ತೋ ನನಗೆ ಗೊತ್ತಿಲ್ಲ. ಅದೇ ವಾರ ಇಬ್ರು ಸ್ನೇಹಿತರು ಹೆಗಲ ಮೇಲೆ ಕೈ ಹಾಕ್ಕೊಂಡು ಒಳಗೆ ಹೋಗಿ, ನಾಯಕಿ ಯಾರನ್ನ ಮದುವೆ ಆಗ್ಬೇಕಿತ್ತು ಅಂತ ಹೊರಗೆ ಬಂದು ಹೊಡೆದಾಡ್ಕೊಂಡ್ರು. ಅದ್ರಿಂದ ಟಾಕೀಸು ದೇವಾಲಯ ಅಂತ ನಾನೇನೂ ಹೇಳ್ತಿಲ್ಲ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ದೇವಮಿತ್ರ: ಸಂಗೀತದ ವಿಷಯ. ಟಿಕೆಟ್ ಇಲ್ದೆ ಗೋಡೆ ದಾಟೋದು ಅದೊಂದೇ. ಎಲ್ಲಿಂದ ಬಂತು ಅಂತ ಕೇಳೋಕೆ ಹೋಗಬಾರದು. ದೇವರ ಸ್ತೋತ್ರಕ್ಕೆ ಬಂತಾ, ಬರ್ಲಿ.

ಮಂಡಳಿಯ ಯಜಮಾನರು ಸೂರಿನ ತೊಲೆಗಳನ್ನು ಎಣಿಸತೊಡಗಿದರು.

ದೇವಮಿತ್ರ: ಸಂಸ್ಕೃತಿ ಅಂದ್ರೇನು ಅಂತ ನನ್ನ ಹೆಂಡ್ತಿ ಕೇಳಿದ್ಲು. ನನಗೆ ತಿಳಿದಂಗೆ, ದೀಪ ಆರಿದ ಮೇಲೂ ಪಕ್ಕದೋರ ಕಾಲು ತುಳೀದೆ ಜಾಗ ಹುಡುಕ್ಕೊಳ್ಳೋದು. ಇನ್ನು ವಿಶ್ವಾಸ. ನನ್ನ ಕೈಲಿ ಒಂದು ಟಾರ್ಚ್ ಇರುತ್ತೆ. ದಾರಿ ತೋರ್ಸೋಕೆ ಕೊಟ್ಟಿದಾರೆ. ಅಳ್ತಾ ಕೂತಿರೋರ ಮುಖದ ಮೇಲೆ ಬಿಡೋಕಲ್ಲ. ದೇವರ ಕೈಲೂ ಒಂದು ಟಾರ್ಚ್ ಇದೆ. ಅವನೂ ಅಂಗೇ ಮಾಡ್ತಾನೆ ಅಂತ ನಾನು ನಂಬ್ಕೊಂಡಿದೀನಿ. ಇಷ್ಟೇ.

ಅವನು ತಲೆಬಾಗಿ ನಿಂತ. ಆಗ ಮುಂದಿನ ಬೆಂಚಿನಿಂದ ಜ್ಞಾನಶೀಲ ಮೇಷ್ಟ್ರು ಎದ್ದರು.

ಮೇಷ್ಟ್ರು: ಸಭೆಗೆ ಒಂದು ಅರಿಕೆ. ನಾನೂ ಹೋಗಿದ್ದೆ. ಎರಡು ಸಲ.

ದೇವಮಿತ್ರನಿಗೆ ಆ ಕ್ಷಣಕ್ಕೇ ಕೆಮ್ಮು ಬಂತು. ಮೇಷ್ಟ್ರು ಅವನ ಕಡೆ ನೋಡಿದರು.

ಮೇಷ್ಟ್ರು: ನಾಲ್ಕು ಸಲ ಇರಬೋದು.

ಪಾಪ, ದೇವಮಿತ್ರ ಕರವಸ್ತ್ರ ಬಾಯಿಗೊತ್ತಿಕೊಂಡ. ಆದರೂ ಕೆಮ್ಮು ನಿಲ್ಲಲಿಲ್ಲ.

ಮೇಷ್ಟ್ರು: ಆಯ್ತಪ್ಪಾ, ಏಳು! ಏಳು ಸಲ. ಒಂದೇ ಚಿತ್ರ. ಪ್ರತಿ ಸಲಾನೂ ಆ ಹುಡುಗ ಮನೆಗೆ ಬಂದ.

ಅಷ್ಟು ಹೇಳಿ ಕೂತುಬಿಟ್ಟರು. ನಗಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿಕೊಂಡರು. ಮೇಷ್ಟ್ರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗಂಡನ ತೊಡೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಒಂದ್ಸಲಾದ್ರೂ ನನ್ನನ್ನ ಕರ್ಕೊಂಡು ಹೋಗಬಾರದಿತ್ತಾ?"

ಆಮೇಲೆ ನಗು, ಕಣ್ಣೀರು, ಗದ್ದಲ ಎಲ್ಲ ಒಟ್ಟಿಗೇ ಆಯಿತು. ಕರುಣಮ್ಮ ತಾನಾಗಿ ಎದ್ದು ಮೂರು ಸಲ ಎಂದಳು. ದೇವಮಿತ್ರ ಕೆಮ್ಮದೇ ಇದ್ದುದರಿಂದ ಎಲ್ಲರೂ ನಂಬಿದರು.

ಹೊರಗೆ ಅಂಗಳದಲ್ಲಿ ಮೇಷ್ಟ್ರ ಹೆಂಡತಿ ಪ್ರೇಮಲೀಲಾಳ ಕೈ ಹಿಡಿದುಕೊಂಡು, ಬರುವ ಬುಧವಾರದ ಕೂಟ ನಿಮ್ಮ ಮನೆಯಲ್ಲೇ ಆಗಲಿ ಎಂದರು. ಅದು ಹೊಸ ವರ್ಷದ ಮೊದಲನೆಯ ಕೂಟ. ಪ್ರೇಮಲೀಲಾ ಬಹಳ ಗಂಭೀರವಾಗಿ, ನೋಡೋಣ, ಪುರುಸೊತ್ತಿದೆಯೋ ಏನೋ ಎಂದಳು. ಮರುಕ್ಷಣವೇ ಓಡಿಹೋಗಿ ಎಂಟು ಕುರ್ಚಿ ಎರವಲು ಕೇಳಿ ಬಂದಳು.

ಜನವೆಲ್ಲ ಚದುರಿದ ಮೇಲೆ ಅಯ್ಯನವರು ದೇವಮಿತ್ರನನ್ನು ಉಡುಪು ಬದಲಿಸುವ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

ಅಯ್ಯನವರು: ನಿನಗೆ ಈ ವಿಷಯ ಯಾಕೆ ಕೊಟ್ಟೆ ಅಂತ ಯೋಚನೆ ಮಾಡಿದ್ಯಾ?

ದೇವಮಿತ್ರ: ಸಭೆ ತಿದ್ದೋಕೆ ಅಂದ್ಕೊಂಡೆ ಅಯ್ಯನವರೇ.

ಅಯ್ಯನವರು: ಅದೂ ಆಯ್ತು, ಸಂತೋಷ. ಆದ್ರೆ... ಇಲ್ಲಿಗೆ ಬರೋ ಮೊದಲು ಬೆಂಗಳೂರಲ್ಲಿ ಒಂದು ಮಧ್ಯಾಹ್ನ ಬಿಡುವಾಗಿತ್ತು. ಒಂದು ಚಿತ್ರಕ್ಕೆ ಹೋಗಿದ್ದೆ. ರೈಲ್ವೆ ಸ್ಟೇಷನ್ನಲ್ಲಿ ತಾಯಿ ಕೈಯಿಂದ ಮಗು ತಪ್ಪಿಸ್ಕೊಳ್ಳುತ್ತೆ. ಕುಡುಕ ಗಂಡ ಒಬ್ಬ ಇದಾನೆ. ಇಂಟರ್‌ವಲ್ಲಿಗೆ ಸರಿಯಾಗಿ ನನಗೆ ರೈಲಿನ ಹೊತ್ತಾಯ್ತು, ಎದ್ದು ಬಂದೆ. ಏಳು ತಿಂಗಳಾಯ್ತು ದೇವಮಿತ್ರ. ಯಾರನ್ನ ಕೇಳೋದು ಹೇಳು? ಪೀಠದಲ್ಲಿ ನಿಂತು ಪ್ರಸಂಗ ಮಾಡ್ತಾ ಇದ್ರೂ ಆ ಮಗು ಪ್ಲಾಟ್‌ಫಾರಂ ಮೇಲೆ ನಿಂತಿರುತ್ತೆ.

ದೇವಮಿತ್ರ: ಅಯ್ಯೋ, ಅದು ನಮ್ಮಲ್ಲಿ ಐದು ವಾರ ಓಡ್ತು ಅಯ್ಯನವರೇ! ಮಗು ಸಿಗುತ್ತೆ. ಅದೇ ಸ್ಟೇಷನ್ನಲ್ಲೇ ಸಿಗುತ್ತೆ. ತಾಯಿ ಅದನ್ನ ತಬ್ಬಿಕೊಂಡು ಅಳ್ತಾಳೆ.

ಅಯ್ಯನವರು ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಏಳು ತಿಂಗಳ ಭಾರ ಇಳಿದಂತೆ ಒಂದು ಉಸಿರು ಬಂತು.

ಅಯ್ಯನವರು: ದೇವರಿಗೆ ಸ್ತೋತ್ರ, ಸ್ತೋತ್ರ. ಆ ಗಂಡ?

ದೇವಮಿತ್ರ: ಅವನು ಸತ್ತೋಗ್ತಾನೆ.

ಅಯ್ಯನವರು: ಹಾಗೇ ಆಗ್ಬೇಕು ಆ ಮುಂಡೇಮಗಂಗೆ!

ಹೇಳಿದ ಮೇಲೆ ಅಯ್ಯನವರಿಗೆ ತಾವಿನ್ನೂ ನಿಲುವಂಗಿಯಲ್ಲೇ ಇರುವುದು ಗಮನಕ್ಕೆ ಬಂತು. ಎದ್ದು ನಿಂತು, ಕೈಜೋಡಿಸಿ, ಗಂಟಲು ಸರಿಮಾಡಿಕೊಂಡರು.

ಅಯ್ಯನವರು: ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ. ಸಾಯೋವಾಗ ಸ್ವಲ್ಪ ನರಳಿದ್ನೋ, ಇಲ್ವೋ?